ಪರೀಕ್ಷೆಯಲ್ಲಿ ನೀವೇ ಕಂಪೈಲರ್

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಯಾರಾದರೂ ಜಾವಾ, ಪೈಥಾನ್ ಅಂತ ಯಾವುದಾದರೂ ಪ್ರೋಗ್ರಾಮಿಂಗ್ ಭಾಷೆಯ ಸರ್ಟಿಫಿಕೇಶನ್ ಪರೀಕ್ಷೆಗೆ ಹಣ ಕಟ್ಟಿ, ದಿನ ಎಣಿಸುತ್ತಾ ಕೂತಿದ್ದರೆ ಈ ಮಾತು ನಿಮಗೆ.

ದಿನವಿಡೀ ಕೋಡ್ ಬರೆಯುವವರೂ ಈ ಪರೀಕ್ಷೆಯಲ್ಲಿ ಎಡವುತ್ತಾರೆ. ನಾನೂ ಮೊದಲ ಸಲ ಫೇಲಾದೆ. ಕೆಲಸದಲ್ಲಿ ನಾವು ತಪ್ಪು ಬರೆದರೆ ಎಡಿಟರ್ ಕೆಂಪು ಗೆರೆ ಎಳೆದು ತೋರಿಸುತ್ತದೆ, ಸರಿಮಾಡಿ ಮುಂದೆ ಹೋಗುತ್ತೇವೆ. ಪರೀಕ್ಷೆಯಲ್ಲಿ ಆ ಗೆರೆ ಇರುವುದಿಲ್ಲ, ಅಲ್ವಾ? ಬೇರೆ ಯಾರೋ ಬರೆದ ಕೋಡನ್ನು ಕಂಪೈಲರ್, ಅಂದರೆ ಕೋಡನ್ನು ತಪ್ಪು ನೋಡಿ ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಪ್ರೋಗ್ರಾಂ, ಓದುವ ಹಾಗೆ ನಾವು ಓದಬೇಕು. ಅದು ಬೇರೆಯದೇ ವಿದ್ಯೆ, ಅದನ್ನೇ ಅಭ್ಯಾಸ ಮಾಡಬೇಕು.

ಒಂದು ಉದಾಹರಣೆ ಹೇಳುತ್ತೇನೆ, ಮನಸ್ಸಿನಲ್ಲೇ ಬರೆದುಕೊಳ್ಳಿ. ಜಾವಾದಲ್ಲಿ ಎಸ್ ಎಂಬ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಅದರಲ್ಲಿ 'ಮಳೆ' ಅಂತಿದೆ. ಮುಂದಿನ ಸಾಲು: ಎಸ್ ಡಾಟ್ ಕಾನ್ಕ್ಯಾಟ್ 'ಗಾಲ', ಅಂದರೆ ಎಸ್‌ಗೆ 'ಗಾಲ' ಜೋಡಿಸು ಅಂತ. ಮೂರನೇ ಸಾಲು ಎಸ್ ಅನ್ನು ಪ್ರಿಂಟ್ ಮಾಡುತ್ತದೆ. ಏನು ಬರುತ್ತದೆ? ಅವಸರದಲ್ಲಿ ಕಣ್ಣು 'ಮಳೆಗಾಲ' ಅಂದುಬಿಡುತ್ತದೆ. ಬರುವುದು ಬರೀ 'ಮಳೆ'. ಸ್ಟ್ರಿಂಗ್ ಒಮ್ಮೆ ಆದಮೇಲೆ ಬದಲಾಗುವುದಿಲ್ಲ. ಕಾನ್ಕ್ಯಾಟ್ ಹೊಸದೊಂದನ್ನು ಮಾಡಿ ಕೊಟ್ಟಿತು, ಅದನ್ನು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ ಅಷ್ಟೆ. ಇದು ಗೊತ್ತಿಲ್ಲದವರಿಲ್ಲ, ಆದರೂ ತಪ್ಪುತ್ತಾರೆ, ಯಾಕೆಂದರೆ ಬರೆದವರ ಉದ್ದೇಶವನ್ನು ಓದುತ್ತಾರೆ, ಬರೆದದ್ದನ್ನು ಓದುವುದಿಲ್ಲ. ಪೈಥಾನಿನಲ್ಲೂ ಹಾಗೆಯೇ: ಮೈನಸ್ 7 ಅನ್ನು ಎರಡು ಓರೆ ಗೆರೆಯ (//) ಭಾಗಾಕಾರದಿಂದ 2ರಿಂದ ಭಾಗಿಸಿದರೆ ಮೈನಸ್ 3 ಅಲ್ಲ, ಮೈನಸ್ 4, ಯಾಕೆಂದರೆ ಅದು ಮೈನಸ್ 3.5 ಅನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ.

ಹಾಗಾಗಿ ಪ್ರಶ್ನೆ ತೆರೆದ ತಕ್ಷಣ ಮೊದಲು ಉತ್ತರಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ 'ಕಂಪೈಲ್ ಆಗುವುದಿಲ್ಲ' ಅಂತ ಒಂದು ಆಯ್ಕೆ ಇದ್ದರೆ ಲೆಕ್ಕ ಹಾಕುವ ಮೊದಲು ಡೇಟಾ ಟೈಪು, ಬ್ರಾಕೆಟ್ಟು, ಒಮ್ಮೆ ಮಾತ್ರ ಬೆಲೆ ಕೊಡಬಹುದಾದ ಫೈನಲ್ ವೇರಿಯಬಲ್ಲಿಗೆ ಎರಡನೇ ಸಲ ಬೆಲೆ ಕೊಟ್ಟಿದ್ದಾರಾ ಅನ್ನುವುದನ್ನು ನೋಡಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪನ್ನು ನಾಲ್ಕು ನಿಮಿಷ ಸುತ್ತಿ, ಕೊನೆಗೆ ಆ ಕೋಡ್ ಓಡುವುದೇ ಇಲ್ಲ ಅಂತ ಗೊತ್ತಾದರೆ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನು ಸಮಯ. ಒರಾಕಲ್‌ನ ಜಾವಾ 17 ಪರೀಕ್ಷೆ 90 ನಿಮಿಷ, 50 ಪ್ರಶ್ನೆ, ಪಾಸಾಗಲು ಶೇ. 68 ಬೇಕು. ಅಂದರೆ ಒಂದು ಪ್ರಶ್ನೆಗೆ 1 ನಿಮಿಷ 48 ಸೆಕೆಂಡ್, 34 ಸರಿಯಾದರೆ ಸಾಕು. ಉಳಿದ 16 ಕೈತಪ್ಪಿದರೂ ಪಾಸೇ! ಈ ಲೆಕ್ಕ ತಲೆಯಲ್ಲಿದ್ದರೆ ಒಂದೇ ಪ್ರಶ್ನೆಯ ಜೊತೆ ಹಟಕ್ಕೆ ಬೀಳುವುದಿಲ್ಲ. ನಾನು ಫೇಲಾದ ಸಲ ಥ್ರೆಡ್‌ಗಳ, ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಒಟ್ಟೊಟ್ಟಿಗೆ ಓಡುವ ಕೆಲಸಗಳ, ಒಂದು ಪ್ರಶ್ನೆಗೆ 7 ನಿಮಿಷ ಸುರಿದೆ, ಕೊನೆಯ ಮೂರು ಸುಲಭದ ಪ್ರಶ್ನೆಗಳನ್ನು ಓದಲೂ ಆಗಲಿಲ್ಲ. ಎರಡು ನಿಮಿಷ ದಾಟಿತೋ, ತೋಚಿದ ಉತ್ತರ ಗುರುತು ಹಾಕಿ, ಮರಳಿ ನೋಡಲು ಫ್ಲ್ಯಾಗ್ ಮಾಡಿ, ಮುಂದೆ ನಡೆಯಿರಿ. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಾದರೆ ಖಾಲಿ ಬಿಡಲೇಬೇಡಿ.

ಮನೆಯಿಂದಲೇ ಬರೆಯುವವರಿಗೆ ಒಂದು ಮಾತು. ಸಾಮಾನ್ಯವಾಗಿ ಕಾಗದ, ಪೆನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ, ಪರದೆಯ ಮೇಲೆಯೇ ಒಂದು ಬಿಳಿ ಹಲಗೆ ಕೊಡುತ್ತಾರೆ. ಕೋಡನ್ನು ತುಟಿ ಅಲ್ಲಾಡಿಸಿ ಓದುವ ಅಭ್ಯಾಸವಿದ್ದರೆ ಮೇಲ್ವಿಚಾರಕರು ಎಚ್ಚರಿಸಬಹುದು. ಹೀಗಾಗಿ ವಾರ ಮೊದಲೇ ಸದ್ದಿಲ್ಲದೆ, ಮೌಸಿನಿಂದಲೇ ಪ್ರತಿ ಸುತ್ತಿನಲ್ಲಿ ಐ, ಜೆ ಎಂಬ ವೇರಿಯಬಲ್‌ಗಳ ಬೆಲೆ ಎಷ್ಟು ಅಂತ ಬರೆದು ಲೂಪ್ ಬಿಡಿಸುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಯಲ್ಲಿ ಸಮಯ ಉಳಿದರೆ ಫ್ಲ್ಯಾಗ್ ಮಾಡಿದ್ದನ್ನು ಮಾತ್ರ ತೆರೆಯಿರಿ. ಸುಮ್ನೆ ಅನುಮಾನ ಬಂತು ಅಂತ ಉತ್ತರ ಬದಲಿಸಬೇಡಿ. ನಿಮ್ಮ ಮೊದಲ ಉತ್ತರ ತಪ್ಪು ಅಂತ ಕೋಡಿನ ಯಾವ ಸಾಲು ಹೇಳುತ್ತಿದೆಯೋ, ಆ ಸಾಲಿನ ಮೇಲೆ ಬೆರಳಿಡಲು ಆದರೆ ಆಗ ಬದಲಿಸಿ. ನಮಸ್ಕಾರ.