ಹೆಡ್‌ಲೈಟ್ ಮಂಕಾಗಿದೆಯಾ? ಬಲ್ಬ್ ತರುವ ಮೊದಲು ವೋಲ್ಟ್ ನೋಡಿ

[ತೆರೆಯ ಮೇಲೆ: ರಾತ್ರಿ, ಘಾಟಿ ರಸ್ತೆ, ಒಂದು ಹಳೇ ಕಾರಿನ ಮುಂದೆ ಹಳದಿ ಬೆಳಕು]

ನಮಸ್ಕಾರ. ಮಳೆಗಾಲದಲ್ಲಿ ರಾತ್ರಿ ಚಾರ್ಮಾಡಿ ಘಾಟಿ ಇಳಿದವರಿಗೆ ಈ ಕಷ್ಟ ಗೊತ್ತು. ಕೊಟ್ಟಿಗೆಹಾರ ದಾಟುತ್ತಿದ್ದ ಹಾಗೆ ಒದ್ದೆ ರಸ್ತೆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಎದುರಿಗೆ ಬಸ್ಸು ಬಂದರಂತೂ ನಮ್ಮ ಹೆಡ್‌ಲೈಟ್ ಉರೀತಿದೆಯೋ ಇಲ್ಲವೋ ಅನ್ನುವ ಅನುಮಾನ. ಮಾರನೇ ದಿನ ಸೀದಾ ಆಕ್ಸೆಸರಿ ಅಂಗಡಿಗೆ ಹೋಗುತ್ತೇವೆ. ಅಂಗಡಿಯವರು ಎರಡು ಡಬ್ಬಿ ತೆಗೆದು ಮುಂದಿಡುತ್ತಾರೆ. ಒಂದರಲ್ಲಿ 100/90 ವಾಟ್ ಬಲ್ಬ್, ಅಂದರೆ ಹೈ ಬೀಮಿಗೆ 100, ಲೋ ಬೀಮಿಗೆ 90. ಇನ್ನೊಂದರಲ್ಲಿ ಎಲ್‌ಇಡಿ ಕಿಟ್. ಯಾವುದು ಹಾಕಲಿ ಸರ್?

ಸದ್ಯಕ್ಕೆ ಎರಡೂ ಬೇಡ ಅನ್ನಿ.

ಮಾರುತಿ 800, ಓಮ್ನಿ, ಹಳೇ ಆಲ್ಟೊ, ಈ ತರದ ಕಾರು ಇಟ್ಟುಕೊಂಡಿರುವವರಿಗೆ ಇವತ್ತಿನ ವಿಡಿಯೋ. ಮನೆ ಮುಂದೆಯೇ ಮಾಡುವ ಕೆಲಸ. ಇಂಥ ಕಾರುಗಳಲ್ಲಿ ಬಹಳ ಸಲ ಬಲ್ಬ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಸಿಗಬೇಕಾದ ಕರೆಂಟು ದಾರಿಯಲ್ಲೇ ಸೋರಿಹೋಗುತ್ತಿರುತ್ತದೆ.

[ತೆರೆಯ ಮೇಲೆ: ಬ್ಯಾಟರಿ, ಡ್ಯಾಶ್‌ಬೋರ್ಡ್, ಸ್ವಿಚ್, ಹೆಡ್‌ಲೈಟ್ ತೋರಿಸುವ ಸರಳ ಚಿತ್ರ]

ದಾರಿ ಎಷ್ಟು ಸುತ್ತಾಗಿದೆ ನೋಡಿ. ಹಳೇ ಕಾರುಗಳಲ್ಲಿ ಕರೆಂಟು ಬ್ಯಾಟರಿಯಿಂದ ಹೊರಟು, ಫ್ಯೂಸ್ ದಾಟಿ, ಡ್ಯಾಶ್‌ಬೋರ್ಡ್ ಒಳಗೆ ಹೊಕ್ಕು, ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಪುಟ್ಟ ತಾಮ್ರದ ಪಟ್ಟಿ ಹಾಯ್ದು, ಮತ್ತೆ ಬಾನೆಟ್ ಕೆಳಗೆ ಬಂದು ಬಲ್ಬ್ ಸೇರುತ್ತದೆ. ವೈರು ತೆಳು. ಸ್ವಿಚ್ಚು ವರ್ಷಗಟ್ಟಲೆ ಸವೆದಿರುತ್ತದೆ. ಎತ್ತರದ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ನೀರು ಬಿಟ್ಟ ಹಾಗೆ, ಕೊನೆಯ ನಲ್ಲಿಯಲ್ಲಿ ಒತ್ತಡವೇ ಇರುವುದಿಲ್ಲ.

ಹ್ಯಾಲೊಜೆನ್ ಬಲ್ಬಿಗೆ ಈ ಒತ್ತಡ, ಅಂದರೆ ವೋಲ್ಟೇಜು, ಎಷ್ಟು ಮುಖ್ಯ ಅನ್ನುವುದು ಸುಮ್ನೆ ಊಹೆಗೆ ಸಿಗುವುದಿಲ್ಲ. ಶೇಕಡಾ 10ರಷ್ಟು ವೋಲ್ಟ್ ಕಡಿಮೆಯಾದರೆ ಬೆಳಕೂ 10ರಷ್ಟು ಕಡಿಮೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಲೆಕ್ಕ ಬೇಡದವರಿಗೆ ಒಂದು ಉದಾಹರಣೆ ಸಾಕು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದೆ, ಬಲ್ಬಿಗೆ 12 ಮಾತ್ರ ತಲುಪುತ್ತಿದೆ ಅಂತಿಟ್ಟುಕೊಳ್ಳಿ. ಹೋದದ್ದು ಎರಡು ವೋಲ್ಟೂ ಅಲ್ಲ. ಆದರೆ ಬೆಳಕು ನೂರಕ್ಕೆ 62ಕ್ಕೆ ಇಳಿದಿರುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೆಳಕು ವೈರಿನಲ್ಲೇ ಹೋಯಿತು, ಅಲ್ವಾ?

[ಕ್ಲೋಸಪ್: ಮಲ್ಟಿಮೀಟರ್, 20 ವೋಲ್ಟ್ ಡಿಸಿ ರೇಂಜ್]

ಈಗ ಅಳೆಯೋಣ. ಒಂದು ಸಾದಾ ಮಲ್ಟಿಮೀಟರ್ ಸಾಕು. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಇಂಜಿನ್ ಆನ್ ಮಾಡಿ, ಹೆಡ್‌ಲೈಟ್ ಲೋ ಬೀಮಿನಲ್ಲಿ ಹಾಕಿ. ಮೊದಲು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. 13.8ರಿಂದ 14.4ರ ಒಳಗೆ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ. ತೀರಾ ಕಡಿಮೆ ಬಂದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಆಲ್ಟರ್ನೇಟರ್ ತೋರಿಸಿ.

ಆಮೇಲೆ ಹೆಡ್‌ಲೈಟ್ ಹಿಂದೆ ಕೈ ಹಾಕಿ. ರಬ್ಬರ್ ಮುಚ್ಚಳ, ಅದರ ಮೇಲೆ ಮೂರು ವೈರಿನ ಹೋಲ್ಡರ್. ಹೋಲ್ಡರ್ ಬಲ್ಬಿಗೆ ಸಿಕ್ಕಿಸಿದ ಹಾಗೇ ಇರಲಿ. ವೈರು ಒಳಗೆ ಹೋಗುವ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ ಅಳೆಯಿರಿ. ಬಲ್ಬ್ ಕಳಚಿ ಅಳೆದರೆ ಏನೂ ತಿಳಿಯುವುದಿಲ್ಲ. ಕರೆಂಟು ಹರಿಯದಿದ್ದಾಗ ವೋಲ್ಟ್ ಬೀಳುವುದೇ ಇಲ್ಲ, ಮೀಟರು ಬ್ಯಾಟರಿಯಷ್ಟೇ ತೋರಿಸಿ ಎಲ್ಲಾ ಸರಿಯಾಗಿದೆ ಅನ್ನಿಸುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ನೋಡಬೇಕು.

ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ದಾಟಿದರೆ ಕೆಲಸ ಇದೆ.

[ಕ್ಲೋಸಪ್: ಹೋಲ್ಡರ್ ಕಳಚಿದ ಮೇಲೆ]

ಲೈಟ್ ಆಫ್ ಮಾಡಿ, ಬಲ್ಬ್ ಆರಲಿ. ಆಮೇಲೆ ಹೋಲ್ಡರ್ ಎಳೆದು ಒಳಗೆ ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದೆಯಾ? ಆ ಪಿನ್ ಸಡಿಲವಾಗಿ ಬಿಸಿಯಾಗುತ್ತಿದೆ ಅಂತ. ಅಂಥ ಹೋಲ್ಡರ್ ಒರೆಸಿ ಪ್ರಯೋಜನವಿಲ್ಲ, ಬದಲಿಸಬೇಕು. ಸೆರಾಮಿಕ್ ಹೋಲ್ಡರ್ ಸಿಕ್ಕರೆ ಒಳ್ಳೇದು, ಶಾಖಕ್ಕೆ ಕರಗುವುದಿಲ್ಲ.

ಮುಂದಿನ ಶಂಕಿತ ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಹೆಡ್‌ಲೈಟಿನಿಂದ ಬರುವ ಅರ್ತಿಂಗ್ ವೈರನ್ನು ಹತ್ತಿರದಲ್ಲೇ ಕಾರಿನ ಬಾಡಿಯ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೋಲ್ಟಿನ ಸುತ್ತ ತುಕ್ಕು, ವೈರಿನ ತುದಿಯಲ್ಲಿ ಹಸಿರು ಪುಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಓಡುವ ಗಾಡಿಗಳಲ್ಲಿ ಇದು ಇಲ್ಲದಿದ್ದರೇ ಆಶ್ಚರ್ಯ. ಪರೀಕ್ಷೆ ಸುಲಭ. ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಅರ್ತಿಂಗ್ ಪಿನ್ನಿಗೆ, ಲೈಟ್ ಆನ್. 0.2 ವೋಲ್ಟ್ ಒಳಗೆ ಇರಬೇಕು. ಜಾಸ್ತಿ ಬಂದರೆ ಬೋಲ್ಟ್ ಬಿಚ್ಚಿ, ಬಾಡಿಯ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಹಾಕಿ ಬಿಗಿಯಿರಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಎಷ್ಟೋ ಕಾರುಗಳ ಕಾಯಿಲೆ ಇಲ್ಲಿಗೇ ವಾಸಿ. ಖರ್ಚು ಒಂದು ಕಾಫಿ ತಿಂಡಿಯದ್ದು.

[ತೆರೆಯ ಮೇಲೆ: ಎರಡು ರಿಲೇ, ಫ್ಯೂಸ್ ಹೋಲ್ಡರ್, ವೈರು]

ಅರ್ತಿಂಗ್ ಸರಿಯಾಗಿದ್ದೂ ಪಾಸಿಟಿವ್ ಕಡೆ ವೋಲ್ಟ್ ಬೀಳುತ್ತಿದ್ದರೆ ಆಗ ಬರುವುದು ರಿಲೇ ಕೆಲಸ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಸ್ವಿಚ್ಚು. ಹಳೇ ಕಾರಿಗೆ ಮಾಡಬಹುದಾದ ಮಾಡಿಫಿಕೇಶನ್‌ಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹೊರಗಿನಿಂದ ಏನೂ ಕಾಣುವುದಿಲ್ಲ, ರಸ್ತೆ ಮಾತ್ರ ಕಾಣುತ್ತದೆ.

ಉಪಾಯ ಸರಳ. ಸ್ವಿಚ್ಚಿನ ಮೂಲಕ ಬರುವ ಹಳೇ ಕರೆಂಟು ಇನ್ನು ಬಲ್ಬ್ ಉರಿಸುವುದಿಲ್ಲ, ರಿಲೇಯನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಅದಕ್ಕೆ ಒಂದು ಆಂಪಿಯರ್ ಕೂಡ ಬೇಡ. ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ನೇರವಾಗಿ, ದಪ್ಪ ವೈರಿನಲ್ಲಿ, ಗಿಡ್ಡ ದಾರಿಯಲ್ಲಿ ಬರುತ್ತದೆ.

ರಿಲೇ ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ 30, 85, 86, 87 ಅಂತ ಬರೆದಿರುತ್ತದೆ. ಇವು ಜರ್ಮನಿಯ ಡಿಐಎನ್ 72552 ಪಟ್ಟಿಯ ಸಂಖ್ಯೆಗಳು, ಎಲ್ಲಾ ಕಡೆ ಇದೇ ನಡೆಯುತ್ತದೆ. 30ಕ್ಕೆ ಬ್ಯಾಟರಿಯ ಪಾಸಿಟಿವ್, ಫ್ಯೂಸ್ ಮೂಲಕ. 87ರಿಂದ ಬಲ್ಬಿಗೆ. 86ಕ್ಕೆ ಹಳೇ ಹೋಲ್ಡರಿನಿಂದ ಬರುವ ವೈರು. 85 ಅರ್ತಿಂಗಿಗೆ. ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಇನ್ನೊಂದು. ಅಷ್ಟೇ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿಲಿಮೀಟರ್, ಅಲ್ಲಿಂದ ಬಲ್ಬಿಗೆ 2.5. ತಲಾ 60ರಂತೆ ಎರಡು ಬಲ್ಬಿನ ಹೈ ಬೀಮ್ ಸೇರಿದರೆ 120 ವಾಟ್, ಅಂದರೆ ಸುಮಾರು 10 ಆಂಪಿಯರ್. 20 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಮಾತ್ರ ಬ್ಯಾಟರಿಗೆ ಒಂದು ಗೇಣು ದೂರದ ಒಳಗೇ ಇರಬೇಕು. ರಿಲೇ ಪಕ್ಕ ಹಾಕಿಬಿಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ಇಡೀ ವೈರಿಗೆ ಕಾವಲೇ ಇಲ್ಲ. ಅದು ಎಲ್ಲಾದರೂ ಕಾರಿನ ಬಾಡಿಯ ಲೋಹಕ್ಕೆ ಉಜ್ಜಿ ತೊಗಟೆ ಹೋದರೆ ಬೆಂಕಿ.

ಕೆಲಸ ಶುರು ಮಾಡುವ ಮೊದಲು ಹತ್ತರ ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ಕಳಚಿ. ರಿಲೇಯನ್ನು ಕಾಲುಗಳು ಕೆಳಗೆ ಬರುವಂತೆ ಕೂರಿಸಿ, ಮಳೆ ನೀರು ಒಳಗೆ ನಿಲ್ಲುವುದಿಲ್ಲ. ಜಾಯಿಂಟುಗಳನ್ನು ಕ್ರಿಂಪ್ ಮಾಡಿ, ಅಂದರೆ ಟರ್ಮಿನಲ್ ಒತ್ತಿ ಬಿಗಿದು, ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟು ಬಿಟ್ಟುಕೊಂಡು ನೇತಾಡುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ಜೆ.ಸಿ. ರೋಡಿನಲ್ಲಿ ರೆಡಿ ವೈರಿಂಗ್ ಕಿಟ್ ಇದೆ. ಕೊಳ್ಳುವಾಗ ವೈರು ನಿಜವಾಗಿ ದಪ್ಪ ಇದೆಯಾ, ತೊಗಟೆ ಮಾತ್ರ ದಪ್ಪ ಇದೆಯಾ ಅಂತ ತುದಿ ನೋಡಿ.

ಒಂದು ಎಚ್ಚರಿಕೆ. ಜಪಾನಿನ ವಿನ್ಯಾಸದ ಕೆಲವು ಕಾರುಗಳಲ್ಲಿ ಹೆಡ್‌ಲೈಟಿಗೆ ಪಾಸಿಟಿವ್ ಯಾವಾಗಲೂ ಬಂದಿರುತ್ತದೆ, ಸ್ವಿಚ್ ಇರುವುದು ನೆಗೆಟಿವ್ ಕಡೆ. ಅಂಥ ಕಾರಿಗೆ ಸಾದಾ ಕಿಟ್ ಕೂರುವುದಿಲ್ಲ. ಹೋಲ್ಡರಿನ ಮೂರು ಪಿನ್ನುಗಳಲ್ಲಿ ಲೋ, ಹೈ ಎರಡಕ್ಕೂ ಸಾಮಾನ್ಯವಾದದ್ದು ಯಾವುದು, ಅದು ಪಾಸಿಟಿವ್ವಾ ನೆಗೆಟಿವ್ವಾ ಅಂತ ಮೀಟರಿನಲ್ಲಿ ನೋಡಿಯೇ ಅಂಗಡಿಗೆ ಹೋಗಿ. ಇನ್ನು ಈಚಿನ ಕಾರುಗಳಲ್ಲಿ ರಿಲೇ ಕಂಪನಿಯಿಂದಲೇ ಬಂದಿರುತ್ತದೆ, ಲೈಟನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಲ್ಲಿ ವೈರಿಗೆ ಕತ್ತರಿ ಹಾಕಲೇಬೇಡಿ. ವಾರಂಟಿಯೂ ಹೋಗುತ್ತದೆ, ಕಾರೂ ತಕರಾರು ಮಾಡುತ್ತದೆ.

[ಕ್ಲೋಸಪ್: ಹಳದಿಗಟ್ಟಿದ ಹೆಡ್‌ಲೈಟ್ ಗ್ಲಾಸ್]

ಗ್ಲಾಸ್ ಹಳದಿಯಾಗಿದ್ದರೆ? ನಾವು ಗ್ಲಾಸ್ ಅಂತೀವಿ, ನಿಜವಾಗಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ಯುವಿ ಪದರ ಬಿಸಿಲಿಗೆ ಸತ್ತಾಗ ಹಳದಿಯಾಗುತ್ತದೆ. ತೀರಾ ಹಳೇ ಕಾರುಗಳಲ್ಲಿ ನಿಜವಾದ ಗಾಜೇ ಇರುತ್ತದೆ, ಅವರಿಗೆ ಈ ಗೋಳಿಲ್ಲ. ವಾಟರ್ ಪೇಪರ್ 1000, 2000, 3000 ಅಂತ ಏರುತ್ತಾ, ನೀರು ಬಿಡುತ್ತಾ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ಕ್ಲಿಯರ್ ಕೋಟ್ ಹೊಡೆಯಿರಿ. ಟೂತ್‌ಪೇಸ್ಟ್ ಹಚ್ಚುವ ವಿಡಿಯೋಗಳಿವೆಯಲ್ಲ, ಹೊಳಪು ಬರುವುದು ನಿಜ. ಆದರೆ ಮೇಲೆ ಯುವಿ ಪದರ ಇಲ್ಲದಿದ್ದರೆ ಮತ್ತೆ ಬೇಗ ಹಳದಿ.

ಈಗ ಆ ಎರಡು ಡಬ್ಬಿಗಳ ವಿಷಯ. ಇಂಥ ಕಾರುಗಳಲ್ಲಿರುವುದು ಎಚ್4, ಅಂದರೆ ಹೈ, ಲೋ ಎರಡರ ತಂತಿಯೂ ಒಂದರಲ್ಲೇ ಇರುವ ಬಲ್ಬ್; ಅದರ ಪ್ರಮಾಣಿತ ಅಳತೆ 60/55 ವಾಟ್. ಹಳೇ ವೈರಿಂಗಿಗೆ 100/90 ಹಾಕಿದರೆ ಕರೆಂಟು ಇನ್ನೂ ಜಾಸ್ತಿ ಎಳೆಯುತ್ತದೆ, ವೋಲ್ಟ್ ಇನ್ನೂ ಬೀಳುತ್ತದೆ, ಹೋಲ್ಡರ್ ಕರಗುತ್ತದೆ. ಒಳಗಿನ ರಿಫ್ಲೆಕ್ಟರ್ ಕೂಡ ಶಾಖಕ್ಕೆ ಮಂಕಾಗುತ್ತದೆ. ಎಲ್‌ಇಡಿಯದ್ದು ಬೇರೆ ಕಥೆ. ಎಚ್4 ಬಲ್ಬಿನ ಒಳಗೆ ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಬೆಳಕು ಎದುರಿನವರ ಕಣ್ಣಿಗೆ ಏರದಂತೆ ತಡೆಯುವುದು ಅದೇ. ರಿಫ್ಲೆಕ್ಟರನ್ನು ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಕೂತರೂ ಬೆಳಕು ಚೆಲ್ಲಾಪಿಲ್ಲಿ. ನಮಗೆ ಬಾನೆಟ್ ಮುಂದೆ ಬೆಳ್ಳಗೆ ಕಾಣುತ್ತದೆ, ಎದುರಿನ ಬೈಕಿನವರಿಗೆ ಏನೂ ಕಾಣುವುದಿಲ್ಲ. ಜೊತೆಗೆ ಕಾನೂನು. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹೊಸದಾಗಿ 60/55 ಹ್ಯಾಲೊಜೆನ್ ಹಾಕುವಾಗ ಬಲ್ಬಿನ ಗಾಜು ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

[ತೆರೆಯ ಮೇಲೆ: ಅಪಾರ್ಟ್‌ಮೆಂಟ್ ಬೇಸ್‌ಮೆಂಟ್, ಗೋಡೆಯ ಮೇಲೆ ಟೇಪ್]

ಕೊನೆಯ ಕೆಲಸ ಲೈಟಿನ ದಿಕ್ಕು. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದವರು ಪುಣ್ಯವಂತರು, ಸಮತಟ್ಟು ನೆಲ, ಮುಂದೆ ಗೋಡೆ. ಟೈರಿನಲ್ಲಿ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆದು, ಗೋಡೆಯ ಮೇಲೆ ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಅಡ್ಡ ಟೇಪ್ ಅಂಟಿಸಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ಅದು ಲೆಕ್ಕ. ಲೋ ಬೀಮಿನ ಮೇಲಂಚು ಆ ಟೇಪಿಗೆ ಕೂರಬೇಕು. ಎಡಗಡೆ ಅಂಚು ಸ್ವಲ್ಪ ಮೇಲೇರಿರುತ್ತದೆ, ಅದನ್ನು ತಪ್ಪು ಅಂದುಕೊಂಡು ಇಳಿಸಬೇಡಿ. ನಾವು ಎಡಗಡೆ ಓಡಿಸುವವರು, ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲಿ ಅಂತ ಹಾಗೆ ಮಾಡಿರುತ್ತಾರೆ.

ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಒಂದು ಪುಟ್ಟ ತಿರುಗಣೆ ಇರುವ ಕಾರಾದರೆ ಈ ಸೆಟಿಂಗ್ ಮಾಡುವಾಗ ಅದು ಸೊನ್ನೆಯಲ್ಲಿರಲಿ. ಹಿಂದಿನ ಸೀಟು ತುಂಬಿ, ಡಿಕ್ಕಿಯಲ್ಲಿ ಲಗೇಜು ಇಟ್ಟು ಧರ್ಮಸ್ಥಳಕ್ಕೆ ಹೊರಟಾಗ ಕಾರಿನ ಮೂತಿ ಮೇಲೇಳುತ್ತದೆ. ಆಗ 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಇದು ಯಾತಕ್ಕಿದೆ ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ಕಾರು ಓಡಿಸುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಮಂಜಿನಲ್ಲಿ ಇದ್ಯಾವುದೂ ಅಷ್ಟಾಗಿ ನಡೆಯುವುದಿಲ್ಲ. ಹೈ ಬೀಮ್ ಹಾಕಿದರೆ ಬಿಳಿ ಪರದೆ ಎದ್ದು ನಿಲ್ಲುತ್ತದೆ. ಲೋ ಬೀಮ್, ನಿಧಾನ, ರಸ್ತೆ ಅಂಚಿನ ಬಿಳಿ ಗೆರೆ.

ನಿಮ್ಮ ಕಾರಿನ ಮಾಡೆಲ್, ವರ್ಷ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಬಲ್ಬಿನಲ್ಲಿ ಎಷ್ಟು ವೋಲ್ಟ್, ಕೆಳಗೆ ಬರೆಯಿರಿ. ಲೈಟ್ ಆನ್ ಇದ್ದಾಗ ಅಳೆದದ್ದು ಮಾತ್ರ.