49ರ ಗೆರೆ ಮತ್ತು ಸರಿದು ನಿಂತ ಕಲ್ಲುಗಳು

ಕೇಳುಗರೇ, ನಮಸ್ಕಾರ. ಅಮೆರಿಕ, ಕೆನಡಾ ನಕ್ಷೆ ನೋಡಿದ್ದೀರಲ್ವಾ? ಪಶ್ಚಿಮ ಭಾಗದಲ್ಲಿ ಯಾರೋ ಸ್ಕೇಲ್ ಇಟ್ಟು ಗಡಿ ಎಳೆದ ಹಾಗಿದೆ. ಅದು 49 ಡಿಗ್ರಿ ಉತ್ತರ ಅಕ್ಷಾಂಶ. 1818ರ ಒಪ್ಪಂದ ಅದನ್ನು ರಾಕಿ ಬೆಟ್ಟಗಳ ತನಕ ತಂದಿತು, 1846ರದ್ದು ಪಶ್ಚಿಮದ ಕಡಲಿಗೆ ಮುಟ್ಟಿಸಿತು. ಕಾಗದದ ಮೇಲೆ ಸಲೀಸು. ಆದರೆ ವ್ಯಾಂಕೂವರ್‌ನ ದಕ್ಷಿಣಕ್ಕಿರುವ ಬ್ಲೇನ್ ಊರಿನ ಗಡಿಯಲ್ಲಿ ನಿಂತು ಮೊಬೈಲಲ್ಲಿ ಜಿಪಿಎಸ್ ನೋಡಿ, ನೀವು 49ಕ್ಕಿಂತ 200 ಮೀಟರಿಗೂ ಜಾಸ್ತಿ ಉತ್ತರದಲ್ಲಿರುತ್ತೀರಿ. ಬೇರೆ ಕಡೆ ಗಡಿ ಕಲ್ಲುಗಳು ದಕ್ಷಿಣಕ್ಕೂ ಸರಿದಿವೆ.

ಸರ್ವೆಯವರ ಅಸಡ್ಡೆ ಅಂತ ಸುಮ್ನೆ ಹೇಳಿಬಿಡಬಹುದು, ನನಗೇನೋ ಅದು ಅನ್ಯಾಯ ಅನ್ನಿಸುತ್ತದೆ. 1857ರಿಂದ ಬೆಟ್ಟಗಳ ಪಶ್ಚಿಮಕ್ಕೆ, 1872ರಿಂದ ಪೂರ್ವದ ಬಯಲಲ್ಲಿ, ಅವರು ರಾತ್ರಿಯೆಲ್ಲ ಕೂತು ನಕ್ಷತ್ರ ನೆತ್ತಿಯಿಂದ ಎಷ್ಟು ದೂರ ಅಂತ ನೋಡಿ ಅಕ್ಷಾಂಶ ಲೆಕ್ಕ ಹಾಕಿದವರು. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು 'ನೆತ್ತಿಯ ಮೇಲೆ' ಅನ್ನುವುದು ಎಲ್ಲಿ ಅನ್ನೋದರಲ್ಲಿ. ಅದನ್ನು ಹೇಳುವುದು ಭೂಮಿಯ ಸೆಳೆತ, ಗಾರೆಯವರ ತೂಕದ ಗುಂಡು ನೇತಾಡುತ್ತದಲ್ಲ, ಆ ದಿಕ್ಕು. ಪಕ್ಕದಲ್ಲಿ ದೊಡ್ಡ ಬೆಟ್ಟ ಇದ್ದರೆ ಗುಂಡು ಕೂದಲೆಳೆಯಷ್ಟು ಅತ್ತ ವಾಲುತ್ತದೆ. ಉತ್ತರಕ್ಕೆ ವಾಲಿದರೆ ಅಕ್ಷಾಂಶ ಕಡಿಮೆ ತೋರುತ್ತದೆ, 49 ಇನ್ನೂ ಮುಂದಿದೆ ಅಂದುಕೊಂಡು ಸರ್ವೆಯವರು ಉತ್ತರಕ್ಕೆ ಹೋಗಿ ಕಲ್ಲು ನೆಡುತ್ತಾರೆ. ಒಂದು ಸೆಕೆಂಡ್ ಅಕ್ಷಾಂಶ, ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು, ನೆಲದ ಮೇಲೆ ಸುಮಾರು 31 ಮೀಟರ್. ಏಳೆಂಟು ಸೆಕೆಂಡ್ ವಾಲಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ!

ನಮ್ಮಲ್ಲೂ ಇದೇ ಕಾಟ ಇತ್ತು. ಬ್ರಿಟಿಷರ ಕಾಲದಲ್ಲಿ ಭಾರತವನ್ನು ಅಳೆದ ಮಹಾ ಸರ್ವೆ, ಬೆಂಗಳೂರಲ್ಲೂ ಸರಪಳಿ ಹಿಡಿದು ನೆಲ ಅಳೆದದ್ದು, ಉತ್ತರ ಭಾರತ ಮುಟ್ಟಿದಾಗ, ಮಧ್ಯ ಭಾರತದ ಕಲ್ಯಾಣಪುರ ಮತ್ತು ಅದರ ಉತ್ತರಕ್ಕೆ ಹಿಮಾಲಯದ ಕಡೆಗಿರುವ ಕಲಿಯಾನಾ ನಡುವೆ ನೆಲದ ಅಳತೆಗೂ ನಕ್ಷತ್ರದ ಅಳತೆಗೂ ಐದು ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ ಬಂತು. ಹಿಮಾಲಯದ ಸೆಳೆತದ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು.

ಈಗ ಜಿಪಿಎಸ್ ಇದೆ, ಕಲ್ಲು ಕಿತ್ತು ಸರಿಯಾದ ಜಾಗಕ್ಕೆ ನೆಡಬಹುದಲ್ಲ ಅಂತೀರಾ? ಇಲ್ಲ. ಕಾನೂನಿಗೆ ನೆಟ್ಟ ಕಲ್ಲೇ ಗಡಿ. 1925ರ ಒಪ್ಪಂದದಂತೆ ಒಂದು ಕಲ್ಲಿಂದ ಮುಂದಿನ ಕಲ್ಲಿಗೆ ನೇರ ಗೆರೆ, ಹಾಗಾಗಿ ಗಡಿ ಸೊಟ್ಟಸೊಟ್ಟಗೇ ಇದೆ.

ಇದೇ ಗಡಿಯ ಪೂರ್ವ ಭಾಗದಲ್ಲಿ 45 ಡಿಗ್ರಿ ಅಕ್ಷಾಂಶದ ಗೆರೆಯ ಕಥೆ ಇನ್ನೂ ಮಜಾ. ಆಗ ಕೆನಡಾ ಬ್ರಿಟಿಷರದ್ದು. 1816ರಲ್ಲಿ ಅಮೆರಿಕದವರು ಶಾಂಪ್ಲೇನ್ ಸರೋವರದ ತುದಿಯಲ್ಲಿ, ಬ್ರಿಟಿಷರನ್ನು ತಡೆಯೋಕೆ ಅಂತ, ಕೋಟೆ ಕಟ್ಟಲು ಹೊರಟರು. ಆಮೇಲೆ ಅಳೆದು ನೋಡಿದರೆ ಅದು 45ರಿಂದ ಒಂದು ಕಿಲೋಮೀಟರಿಗೂ ಜಾಸ್ತಿ ಆಚೆ, ಅಂದರೆ ಬ್ರಿಟಿಷರ ನೆಲದಲ್ಲೇ! ಕೆಲಸ ನಿಲ್ಲಿಸಿ ಹೋದರು. ಜನ ಅದನ್ನು ಫೋರ್ಟ್ ಬ್ಲಂಡರ್ ಅಂತ ಕರೆದರು. 1842ರ ಒಪ್ಪಂದದಲ್ಲಿ 1770ರ ದಶಕದಲ್ಲಿ 45 ಅಂತ ತಪ್ಪಾಗಿ ಎಳೆದಿದ್ದ ಹಳೇ ಗೆರೆಯನ್ನೇ ಗಡಿ ಅಂತ ಒಪ್ಪಿಕೊಂಡಾಗ ಆ ಜಾಗ ಅಮೆರಿಕಕ್ಕೇ ಬಂತು, ಎರಡು ವರ್ಷ ಬಿಟ್ಟು ಅಲ್ಲೇ ಹೊಸ ಕೋಟೆಯ ಕೆಲಸ ಶುರುವಾಯಿತು. ನಮಸ್ಕಾರ.