ಪ್ರಾಗ್‌ನಲ್ಲಿ ರಾಹುಕಾಲ

ಕೇಳುಗರೇ, ನಮಸ್ಕಾರ.

ನಮ್ಮ ಮನೆಯಲ್ಲಿ ಯಾರು ಪ್ರಯಾಣ ಹೊರಟರೂ ನಮ್ಮಮ್ಮ ಮೊದಲು ನೋಡುವುದು ಗೋಡೆ ಮೇಲಿನ ಕ್ಯಾಲೆಂಡರ್. ಟಿಕೆಟ್ಟು, ಬ್ಯಾಗು, ಬುತ್ತಿ ಎಲ್ಲ ಆಮೇಲೆ. ರಾಹುಕಾಲ ಕಳೆಯಲಿ, ಆಮೇಲೆ ಹೊಸಿಲು ದಾಟಿ ಅನ್ನುತ್ತಾರೆ. ನನಗೆ ಅದರಲ್ಲಿ ಅಂಥ ನಂಬಿಕೆ ಏನಿಲ್ಲ. ಆದರೂ ಚಿಕ್ಕಂದಿನಿಂದ ಬಂದ ಅಭ್ಯಾಸ ನೋಡಿ, ಕಣ್ಣು ತಾನಾಗಿ ಅತ್ತ ಹೋಗುತ್ತದೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಡಿಸೆಂಬರ್ ತಿಂಗಳು. ಕ್ರಿಸ್ಮಸ್‌ಗೆ ಮುಂಚಿನ ಶನಿವಾರ, ಭಾನುವಾರ ಪ್ರಾಗ್‌ಗೆ ಹೋಗಿಬರೋಣ ಎಂದು ಅವಳು ಟಿಕೆಟ್ ಮಾಡಿಸಿದಳು. ಚೆಕ್ ದೇಶದ ರಾಜಧಾನಿ. ಎಲ್ಬೆ ನದಿಯ ಪಕ್ಕದಲ್ಲೇ ರೈಲು ಓಡುತ್ತದೆ, ಎರಡೂವರೆ ಗಂಟೆ ದಾರಿ. ವಾಪಸ್ ರೈಲು ಭಾನುವಾರ ಸಂಜೆ ನಾಲ್ಕೂವರೆಗೆ. ಫೋನಿನಲ್ಲಿ ಇದನ್ನು ಹೇಳಿದ್ದೇ ತಡ, ಮೈಸೂರಿನಿಂದ ಅಮ್ಮ, "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಕಣೇ, ಬೇರೆ ರೈಲಿಲ್ವಾ?" ಅಂದರು.

ಪ್ರಾಗ್‌ನಲ್ಲಿ ಇಳಿದು ಮೆಟ್ರೊ ಹತ್ತಿದೆವು. ಬಾಗಿಲು ಮುಚ್ಚುವ ಮುಂಚೆ ಪ್ರತಿ ಸ್ಟೇಷನ್ನಿನಲ್ಲೂ ಒಂದೇ ಸಾಲು ಹೇಳುತ್ತಾರೆ. ಅದರಲ್ಲಿ "ದ್ವೆರ್ಝೆ" ಅಂತ ಒಂದು ಪದ ಕಿವಿಗೆ ಬಿತ್ತು. ಏನೇ ಅದು ಅಂತ ಮಗಳನ್ನು ಕೇಳಿದೆ. ಬಾಗಿಲು ಅಂತೆ. ನಾವು ಸಂಸ್ಕೃತದಿಂದ ತಂದುಕೊಂಡ ದ್ವಾರಕ್ಕೂ ಇದಕ್ಕೂ ಬೇರು ಒಂದೇ. ಅಷ್ಟು ದೂರ ಹೋಗಿ ಗುರುತಿನವರು ಸಿಕ್ಕ ಹಾಗಾಯಿತು.

ಹಳೇ ಪಟ್ಟಣದ ಚೌಕಕ್ಕೆ ಬಂದರೆ ಜನವೋ ಜನ. ಮರದ ಚಿಕ್ಕ ಅಂಗಡಿಗಳು, ದಾಲ್ಚಿನ್ನಿ ವಾಸನೆ, ಮಾತಾಡಿದರೆ ಬಾಯಿಂದ ಹೊಗೆ. ಹಿಟ್ಟನ್ನು ಕೋಲಿಗೆ ಸುತ್ತಿ ಬೆಂಕಿಯ ಮೇಲೆ ತಿರುಗಿಸಿ ಸುಟ್ಟು, ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ಟ್ರದೆಲ್ನಿಕ್ ಅಂತ ಹೆಸರು. ಪುರಾತನ ತಿಂಡಿ ಅಂತ ಬೋರ್ಡು ಬೇರೆ. ಪ್ರಾಗಿನವರನ್ನು ಕೇಳಿದರೆ, ಅಯ್ಯೋ, ಅದು ಪ್ರವಾಸಿಗಳಿಗೆ, ನಮ್ಮದಲ್ಲ ಅಂತಾರೆ. ನಾನಂತೂ ಎರಡು ತಿಂದೆ.

ಚೌಕದ ಮೂಲೆಯಲ್ಲಿ ಹಳೇ ಪುರಭವನದ ಗೋಪುರ. ಅದರ ಗೋಡೆಯಲ್ಲಿ ಒಂದು ಗಡಿಯಾರ. ಇದನ್ನು 1410ರಲ್ಲಿ ಕಾದಾನ್ ಊರಿನ ಮಿಕುಲಾಷ್ ಎಂಬ ಕಸುಬುದಾರ ಮಾಡಿದ. ಲೆಕ್ಕ ಹಾಕಿಕೊಟ್ಟವನು ಯಾನ್ ಶಿಂದೆಲ್ ಎಂಬ ಖಗೋಳ ಪಂಡಿತ ಅನ್ನುತ್ತಾರೆ. ಈಗಲೂ ನಡೆಯುತ್ತಿದೆ. ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಊರಿನವರು ಗಡಿಯಾರ ಮಾಡಿದವನ ಕಣ್ಣು ಕೀಳಿಸಿದರು ಎಂದು ಒಂದು ಕತೆ ಇದೆ. ಕತೆ ಅಷ್ಟೇ, ನಡೆದದ್ದಲ್ಲ. ಜಕಣಾಚಾರಿ ಕೈ ಕಡಿದುಕೊಂಡ ಕತೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ.

ಗಂಟೆ ಹೊಡೆಯುವಾಗ ಒಂದು ಅಸ್ಥಿಪಂಜರ ಹಗ್ಗ ಜಗ್ಗುತ್ತದೆ. ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಇಣುಕಿ ಹೋಗುತ್ತಾರೆ. ಕೊನೆಗೆ ಚಿನ್ನದ ಬಣ್ಣದ ಹುಂಜ ಕೂಗುತ್ತದೆ. ನೆಗಡಿಯಾದ ಹುಂಜದ ಹಾಗೆ ಕೇಳಿಸಿತು. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಮೊಬೈಲ್ ಎತ್ತಿ ಹಿಡಿದಿದ್ದ ಜನ, ಇಷ್ಟೇನಾ ಅಂತ ಚದುರಿದರು.

ನೋಡಬೇಕಾದದ್ದು ಆಮೇಲಿದೆ. ಗಡಿಯಾರದ ಮುಖದ ಮೇಲೆ ಹನ್ನೆರಡು ರಾಶಿಗಳಿವೆ. ಸೂರ್ಯನ ಗೊಂಬೆ ಧನು ರಾಶಿಯ ತುದಿಯಲ್ಲಿತ್ತು, ಮಕರಕ್ಕೆ ಒಂದೇ ಹೆಜ್ಜೆ. ನಮ್ಮ ಪಂಚಾಂಗದಲ್ಲಿ ಆಗಿನ್ನೂ ಧನುರ್ಮಾಸ ಶುರುವಾಗಿ ವಾರವೂ ಆಗಿರಲಿಲ್ಲ. ನಾವು ರಾಶಿಯನ್ನು ನಕ್ಷತ್ರ ಹಿಡಿದು ಎಣಿಸುತ್ತೇವೆ, ಅವರು ಋತು ಹಿಡಿದು ಎಣಿಸುತ್ತಾರೆ. ಆ ವ್ಯತ್ಯಾಸ ಈಗ ಇಪ್ಪತ್ತನಾಲ್ಕು ದಿನದಷ್ಟು ಬೆಳೆದಿದೆ.

ಹೊರಗಿನ ಬಳೆಯಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ಹಳೇ ಅಕ್ಷರದ ಅಂಕಿಗಳು. ಅದು ಹಳೇ ಚೆಕ್ ಸಮಯ. ಅಲ್ಲಿ ದಿನ ಶುರುವಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಮುಳುಗಿದಾಗ. ಮುಳುಗುವ ಹೊತ್ತು ಬದಲಾದಂತೆ ಆ ಬಳೆಯೂ ಜರುಗುತ್ತದೆ. ಒಳಗಡೆ ಇನ್ನೊಂದು ಲೆಕ್ಕ. ಹುಟ್ಟಿನಿಂದ ಮುಳುಗುವವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದ್ದಾರೆ, ಹಗಲು ಉದ್ದವಿರಲಿ, ಗಿಡ್ಡವಿರಲಿ. ಬೇಸಿಗೆಯಲ್ಲಿ ಆ ಒಂದು ಗಂಟೆ ಎಂಬತ್ತು ನಿಮಿಷ ದಾಟುತ್ತದೆ. ನಾವು ಹೋದಾಗ ಸೂರ್ಯ ಹುಟ್ಟುತ್ತಿದ್ದದ್ದು ಎಂಟರ ಹತ್ತಿರ, ಮುಳುಗುತ್ತಿದ್ದದ್ದು ನಾಲ್ಕಕ್ಕೆ. ಅಂದರೆ ಗಂಟೆಗೆ ನಲವತ್ತೇ ನಿಮಿಷ. ಚಳಿಗಾಲದ ಪ್ರವಾಸದಲ್ಲಿ ಹೊತ್ತು ಎಲ್ಲಿ ಹೋಯಿತು ಅಂತ ಕೇಳಬೇಕಾಗಿಯೇ ಇಲ್ಲ.

ಆಗ ತಲೆಗೆ ಹೊಳೆಯಿತು. ರಾಹುಕಾಲವೂ ಇದೇ ಲೆಕ್ಕ ಅಲ್ವಾ? ಹಗಲನ್ನು ಎಂಟು ಪಾಲು ಮಾಡಿದರೆ ಭಾನುವಾರದ್ದು ಕೊನೆಯ ಪಾಲು. ನಮ್ಮ ಕ್ಯಾಲೆಂಡರಿನವರು ಆರರಿಂದ ಆರು ಅಂತ ಹಿಡಿದು ಒಂದೂವರೆ ಗಂಟೆ ಮಾಡಿದ್ದಾರೆ. ಪ್ರಾಗ್‌ನ ಡಿಸೆಂಬರಿನಲ್ಲಿ ರಾಹುವಿಗೆ ಸಿಗುವುದು ಒಂದೇ ಗಂಟೆ, ಮೂರರಿಂದ ನಾಲ್ಕು. ಪಾಪ, ಅವನಿಗೂ ಚಳಿ.

ಸಂಜೆ ವ್ಲಟಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆಗೆ ಹೋದೆವು. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಕತ್ತಲಾಗುವ ಹೊತ್ತಿಗೆ ಹಳೇ ಕಾಲದ ಉಡುಪು ತೊಟ್ಟವನೊಬ್ಬ ಉದ್ದ ಕೋಲು ಹಿಡಿದು ಬರುತ್ತಾನೆ. ಒಂದೊಂದೇ ಗ್ಯಾಸ್ ದೀಪ ಹೊತ್ತಿಸುತ್ತಾ ಹೋಗುತ್ತಾನೆ. ಇಕ್ಕೆಲದ ಕಲ್ಲಿನ ಸಂತರ ಮುಖ ಅಷ್ಟಷ್ಟೇ ಬೆಳಗುತ್ತವೆ. ಮಕ್ಕಳ ಜೊತೆ ನಾನೂ ಅವನ ಹಿಂದೆ ಹೋದೆ.

ಈ ಸೇತುವೆಗೂ ಒಂದು ಮುಹೂರ್ತದ ಕತೆ ಇದೆ. ನಾಲ್ಕನೇ ಚಾರ್ಲ್ಸ್ ದೊರೆ ಅಡಿಗಲ್ಲು ಇಟ್ಟದ್ದು 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತೆ. ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ. 1-3-5-7-9-7-5-3-1. ಹಿಂದಿನಿಂದ ಓದಿದರೂ ಅದೇ. ಇಸವಿ ಸರಿ. ನಿಮಿಷದ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಐವತ್ತು ವರ್ಷಕ್ಕೆ ಮಾಡಿದ ಆ ದೊಡ್ಡ ಗಡಿಯಾರಕ್ಕೇ ನಿಮಿಷದ ಮುಳ್ಳಿಲ್ಲ, ಇನ್ನು ಮೂವತ್ತೊಂದನ್ನು ಎಣಿಸಿದವರು ಯಾರು? ಗಾರೆಗೆ ಮೊಟ್ಟೆ ಕಲಸಿದ್ದರು ಅಂತಲೂ ಹೇಳುತ್ತಾರೆ. ಒಂದೂರಿನವರು ದಾರಿಯಲ್ಲಿ ಒಡೆಯಬಾರದು ಅಂತ ಮೊಟ್ಟೆ ಬೇಯಿಸಿ ಕಳಿಸಿದರಂತೆ!

ಭಾನುವಾರ ಬೆಳಿಗ್ಗೆ ಬೀದಿ ಬದಿಯಲ್ಲಿ ದೊಡ್ಡ ದೊಡ್ಡ ತೊಟ್ಟಿಗಳು, ಒಳಗೆ ಜೀವಂತ ಗೆಂಡೆ ಮೀನು. ಕ್ರಿಸ್ಮಸ್ ಹಿಂದಿನ ರಾತ್ರಿ ಮನೆಮನೆಯಲ್ಲೂ ಇದೇ ಊಟ. ದಕ್ಷಿಣದ ಕಡೆ ಕಟ್ಟಿಸಿದ ಹಳೇ ಕೆರೆಗಳಿಂದ ಬರುತ್ತವೆ. ಎಲ್ಲಕ್ಕಿಂತ ದೊಡ್ಡದಾದ ರೋಜ್ಮ್‌ಬೆರ್ಕ್ ಕೆರೆ ಮುಗಿದದ್ದು 1590ರಲ್ಲಿ. ಕೆಲವರು ಮೀನನ್ನು ಜೀವಂತ ಒಯ್ದು ಮನೆಯ ಸ್ನಾನದ ತೊಟ್ಟಿಯಲ್ಲಿ ಬಿಡುತ್ತಾರೆ. ಮಕ್ಕಳು ಅದಕ್ಕೆ ಹೆಸರಿಡುತ್ತಾರೆ. ಆಮೇಲೆ ತಿನ್ನಲ್ಲ ಅಂತ ಅಳುತ್ತಾರೆ. ನಾನು ಸಸ್ಯಾಹಾರಿ, ಸುಮ್ನೆ ನೋಡುತ್ತಾ ನಿಂತಿದ್ದೆ. ರಬ್ಬರ್ ಏಪ್ರನ್ ಹಾಕಿದ್ದ ಮಾರುವಾತ ಮೀನಿನ ಮೈಮೇಲಿನ ಒಂದು ಹುರುಪೆಯನ್ನು ಒರೆಸಿ ನನ್ನ ಕೈಗಿಟ್ಟು, ಪರ್ಸ್ ತೋರಿಸಿದ. ಇಟ್ಟುಕೊಂಡರೆ ವರ್ಷವಿಡೀ ದುಡ್ಡಿಗೆ ಕೊರತೆಯಿಲ್ಲವಂತೆ.

ಮೂರು ಗಂಟೆಗೆ ಮತ್ತೆ ಗಡಿಯಾರದ ಮುಂದೆ ನಿಂತೆವು. ಚಿನ್ನದ ಕೈ ಹೊರಬಳೆಯ ಇಪ್ಪತ್ತಮೂರನ್ನು ತೋರಿಸುತ್ತಿತ್ತು. ಒಂದು ಗಂಟೆ ಕಳೆದರೆ ಭಾನುವಾರ ಮುಗಿಯಿತು. ರೈಲು ನಿಲ್ದಾಣ ಸೇರುವಷ್ಟರಲ್ಲಿ ಪೂರ್ತಿ ಕತ್ತಲು. ಅಮ್ಮನಿಗೆ ಫೋನ್ ಮಾಡಿ, "ಇಲ್ಲಿ ಸೂರ್ಯ ಮುಳುಗಿ ಆಯ್ತು, ರಾಹುಕಾಲವೂ ಮುಗೀತು. ಈ ಊರಿನ ಲೆಕ್ಕದಲ್ಲಿ ಇವತ್ತು ಆಗಲೇ ಸೋಮವಾರ" ಅಂದೆ.

ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಂತಿದ್ದ ಮಗಳು, "ಅಮ್ಮಾ, ದಯವಿಟ್ಟು ಸೋಮವಾರದ ಮಾತು ಎತ್ತಬೇಡ, ನನಗೆ ಆಫೀಸಿದೆ" ಅಂದಳು.

ನಮಸ್ಕಾರ.